ಹೆಳವನ ಹಾಡಿನಲ್ಲಿ ಸಿಗದ ಮನೆ

ಮೊನ್ನೆ ಮರಿಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದೆವು. ಅಂದಿನಿಂದ ನನ್ನ ಬಾಯಿ ನಿಂತಿಲ್ಲ, ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತಲೇ ಇದೆ. ತೊಟ್ಟಿಲ ಬಳಿ ಕುಳಿತ ಮೊಮ್ಮಗಳು ಫೋನಿನಲ್ಲಿ ಏನೋ ಹುಡುಕಿ ಮುಖ ಗಂಟಿಕ್ಕಿದಳು.

"ಇಲ್ಲ ಅನ್ನಾಕತ್ತೈತಿ ಅಜ್ಜಾ."

"ಬ್ಯಾರೆ ಥರಾ ಕೇಳಿ ನೋಡವ್ವಾ."

"ಇದರಾಗಿಂದು ನಿನಗೇನ ಗೊತ್ತೈತಿ?"

ನಾನು ಮೂರನೇ ಇಯತ್ತೆಗೇ ಸಾಲಿ ಬಿಟ್ಟವನು, ಖರೇ. ಆದರೆ ಕೇಳುವುದನ್ನು ತಪ್ಪಿ ಕೇಳಿ ಹಣೆ ಬಡಿದುಕೊಂಡದ್ದು ನನಗೆ ಚೆನ್ನಾಗಿ ಗೊತ್ತು. ಆಗಿನ್ನೂ ನಮ್ಮ ರೋಣ, ನರಗುಂದ ಎಲ್ಲ ಮುಂಬೈ ಪ್ರಾಂತದಲ್ಲಿದ್ದವು. ಸೂಡಿಯ ಹುಡುಗಿಯೊಬ್ಬಳನ್ನು ನೋಡಿ ಬಂದಿದ್ದೆ. ನನಗೆ ಅವಳು ಒಪ್ಪಿಗೆ, ಅವಳಿಗೂ ನಾನು ಒಪ್ಪಿಗೆ. ಅವಳಪ್ಪ ಮಾತ್ರ ಒಂದೇ ಹಟ ಹಿಡಿದ.

"ನಿನ್ನ ಬೆಡಗು ಯಾವುದಪಾ?"

ಬೆಡಗೆಂದರೆ ಅಪ್ಪನ ಕಡೆಯ ವಂಶದ ಹೆಸರು; ಒಂದೇ ಬೆಡಗಿನವರು ಅಣ್ಣ-ತಂಗಿ ಇದ್ದ ಹಾಗೆ, ಲಗ್ನವಾಗುವಂತಿಲ್ಲ. ನನಗೋ ಬೆಡಗು ಗೊತ್ತಿಲ್ಲ. ಹೆತ್ತವರನ್ನು ಕೂಸಿದ್ದಾಗಲೇ ಕಳೆದುಕೊಂಡು ಯಾವಗಲ್ಲಿನಲ್ಲಿ ತಾಯಿಯ ತಾಯಿಯ ಕೈಯಲ್ಲಿ ಬೆಳೆದವನು. ಅಜ್ಜಿಯನ್ನು ಕೇಳಿದರೆ, "ನಿಮ್ಮವ್ವನ್ನ ಕೊಡುವಾಗ ಬೆಡಗು ಕೇಳಿದಾಂವ ನನ್ನ ಗಂಡ, ನಿಮ್ಮಜ್ಜ. ಅಂವ ಹ್ವಾದ. ನಮ್ಮದಲ್ಲ ಅನ್ನೂದಷ್ಟ ಗೊತ್ತು" ಎಂದಳು.

"ಯುಗಾದಿ ಒಳಗ ತಿಳಕೊಂಡ ಬಾ," ಎಂದ ಹುಡುಗಿಯ ಅಪ್ಪ. "ಇಲ್ಲಾಂದ್ರ ಗಜೇಂದ್ರಗಡದವರು ಕಾಯಾಕತ್ತ್ಯಾರ."

ಅಪ್ಪನ ಕಡೆಯವರು ಯಾರೂ ಇರಲಿಲ್ಲ, ಕೇಳಲು ಉಳಿದದ್ದು ಹೆಳವನೊಬ್ಬನೇ. ಹೆಳವರೆಂದರೆ ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ಒಕ್ಕಲು ಮನೆಗಳ ಹಿರಿಯರ ಹೆಸರನ್ನೆಲ್ಲ ಬಾಯಿಪಾಠ ಹಾಡುವವರು. ನಮ್ಮ ಕಡೆಯ ಹೆಳವ ರೋಣದ ಹೊರಗೆ ಹುಣಸೆ ಮರದ ಕೆಳಗೆ ಇಳಿದಿದ್ದ. ಓಡಿದೆ.

"ಯಾವಗಲ್ಲ ನಮ್ಮೂರು. ನಮ್ಮ ಮನಿ ಹೇಳ್ರಿ."

ಯಾವಗಲ್ಲಿನ ಮನೆಗಳನ್ನೆಲ್ಲ ಹಾಡಿದ. ನನ್ನ ಅಪ್ಪನ ಸುಳಿವಿಲ್ಲ. ಇರುವುದಾದರೂ ಹೇಗೆ? ಅದು ತಾಯಿಯ ಊರು. ಅಪ್ಪನದು ಹೊಳೆದಂಡೆಯ ಮೆಣಸಗಿ. ಅದು ನೆನಪಾಗಿ ಮತ್ತೆ ಕೇಳಿದೆ. ಹೆಳವ ಉಸಿರೆಳೆದುಕೊಂಡು ಮೆಣಸಗಿ ಹಿಡಿದ. ಎತ್ತು ಕೊಟ್ಟವರ ಮನೆ, ಕಂಬಳಿ ಹೊದಿಸಿದವರ ಮನೆ, ಜೋಳದ ಚೀಲ ಹೊರಿಸಿದವರ ಮನೆ. ನಡುವೆ ನನ್ನ ಅಜ್ಜನದೇ ಹೆಸರು ಬಂತು. ತಡೆಯಲಾರದೆ, "ಇದ ನಮ್ಮ ಮನಿ" ಎಂದೆ.

ಅವನು ಕಣ್ಣು ಮುಚ್ಚಿದ. "ಆ ಹೆಸರಿನವರು ಊರ ತುಂಬ ಅದಾರ. ಈಗ ಎಲ್ಲಿದ್ದೆ ನಾ? ಮೊದಲಿಂದ ಹಾಡಬೇಕು."

ಮೊದಲಿಂದ ಹಾಡಿದ. ಕೊನೆ ಮುಟ್ಟುವ ಮುಂಚೆ ನಾನು ಮತ್ತೆ ಬಾಯಿ ಹಾಕಿದೆ. ಅವನು ಮತ್ತೆ ಮೊದಲಿಗೆ ಹೋದ. ಅವನ ಎತ್ತಿಗೂ ಬೇಸರ ಬಂದು ಮಲಗಿಬಿಟ್ಟಿತು.

"ತಮ್ಮಾ, ಎತ್ತಿಗೆ ಕಟ್ಟಿದಂಗ ನಿನ್ನ ಬಾಯಿಗೆ ಬುಟ್ಟಿ ಕಟ್ಟಲೇನು?"

ಹಲ್ಲು ಕಚ್ಚಿ ಕುಳಿತೆ. ಹಾಡು ಮುಗಿಯಿತು. ನನ್ನ ಅಪ್ಪ ಅದರಲ್ಲಿರಲಿಲ್ಲ. ನನಗೆ ಅವನ ಕುತ್ತಿಗೆ ಹಿಡಿದು ಅಲುಗಾಡಿಸಬೇಕು ಎನ್ನಿಸಿತು. ಹುಟ್ಟಿ ಬೆಳೆದವನು ಎದುರಿಗೇ ಕುಳಿತಿದ್ದೇನೆ, ಮನೆಯೇ ಇಲ್ಲ ಎಂದರೆ?

ಬಿಸಿಲಲ್ಲಿ ನಡೆದು ಮನೆಗೆ ಬಂದು ರುಮಾಲು ಎಸೆದೆ. ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು.

"ಎತ್ತು ಕೊಟ್ಟವರ ಮನಿ ಐತಿ, ಕಂಬಳಿ ಕೊಟ್ಟವರ ಮನಿ ಐತಿ, ನಮ್ಮದಷ್ಟ ಇಲ್ಲ," ಎಂದೆ.

ಅವಳ ಕೈ ನಿಂತಿತು. "ಅಂವ ಕೊಟ್ಟದ್ದರ ಮ್ಯಾಲೆ ಹಾಡತಾನೇನು?"

"ಹೂಂ."

"ಹಂಗಾದ್ರ ನಿಮ್ಮನ್ನ ಹ್ಯಾಂಗ ಹಾಡ್ಯಾನು," ಎಂದು ಅಜ್ಜಿ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ನಿಮ್ಮಪ್ಪನ ಲಗ್ನದಾಗ ನಿಮ್ಮ ಮೆಣಸಗಿ ಅಜ್ಜ ಹೆಳವಗ ಎತ್ತಿನ ಗಂಟಿ ಕೊಟ್ಟ. ಹೆಳವ ಚಪ್ಪರದಾಗ ಬಾರಿಸಿದ. ಟಪ್ಪ್ ಅಂತು. ಬಿರುಕ ಬಿಟ್ಟ ಸೀಳಗಂಟಿ. ನಾವು ಬೀಗರೆಲ್ಲಾ ಬಿದ್ದಬಿದ್ದ ನಕ್ಕಿವಿ."

ಮರುದಿನವೇ ಅಜ್ಜಿಯನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಹೊರಟೆ. ಹುಣಸೆ ಮರದ ಕೆಳಗೆ ಸೆಗಣಿ ಮಾತ್ರ ಇತ್ತು. ಹೆಳವ ನರಗುಂದಕ್ಕೆ ಎದ್ದು ಹೋಗಿದ್ದ. ಬಂದ ದಾರಿಯಲ್ಲೇ ತಿರುಗಿ, ನಮ್ಮ ಊರನ್ನೇ ದಾಟಿ, ನರಗುಂದ ಗುಡ್ಡದ ಬುಡದಲ್ಲಿ ಅವನನ್ನು ಹಿಡಿದೆವು. ನಾನು ಬಾಯಿ ತೆರೆಯಲಿಲ್ಲ. ಅಜ್ಜಿಯೇ ಕೇಳಿದಳು.

"ಮೆಣಸಗ್ಯಾಗ ನಿಮಗ ಸೀಳಗಂಟಿ ಕೊಟ್ಟ ಮನಿ ಯಾವುದೋ ಯಪ್ಪಾ?"

ಹೆಳವ ನನ್ನ ಕಡೆ ನೋಡಿ, ನಾಲಿಗೆ ಕಚ್ಚಿಕೊಂಡು ನಕ್ಕ. "ನಮ್ಮಪ್ಪಗ ಕೊಟ್ಟದ್ದು. ಮೊಮ್ಮಗನ ಮುಂದ ಅದನ್ನ ಹ್ಯಾಂಗ ಹಾಡ್ಲಿ ಬೇ? ಅಂಥಾ ಮನಿ ಹಾಡಿನ್ಯಾಗ ಬಿಡತೀವಿ, ಎದಿಯಾಗ ಬಿಡೂದಿಲ್ಲ."

ಕಣ್ಣು ಮುಚ್ಚಿ ಹೇಳತೊಡಗಿದ. ಮುತ್ತಜ್ಜ, ಅಜ್ಜ, ಅಪ್ಪ. ಅಪ್ಪನ ಹೆಸರನ್ನು ಮತ್ತೊಬ್ಬರ ಬಾಯಲ್ಲಿ ಅಷ್ಟು ಗೌರವದಿಂದ ನಾನು ಕೇಳಿದ್ದು ಅದೇ ಮೊದಲು. ಕೊನೆಗೆ ಬೆಡಗು ಹೇಳಿದ. ಸೂಡಿಯವರದಲ್ಲ, ಬೇರೆಯೇ. ನಾನು ನೇರ ಸೂಡಿಯ ದಾರಿ ಹಿಡಿಯಲು ಎದ್ದೆ. ಅಜ್ಜಿ ಧೋತರ ಹಿಡಿದು ಕೂಡಿಸಿ, "ಮೊದಲ ನನ್ನ ಮನಿಗೆ ಬಿಡು" ಎಂದಳು. ಯುಗಾದಿ ಮುಗಿದ ಮೇಲೆ ನಮ್ಮಿಬ್ಬರ ತಲೆಯ ಮೇಲೆ ಲಗ್ನದ ಅಕ್ಕಿಕಾಳು ಬಿತ್ತು.

ಮೊನ್ನೆ ತೊಟ್ಟಿಲ ಕಾರ್ಯಕ್ಕೆ ಆ ಹೆಳವನ ಮೊಮ್ಮಗ ಮೋಟಾರ್ ಸೈಕಲ್ ಮೇಲೆ ಬಂದಿದ್ದ. ಕೂಸಿನ ಹೆಸರನ್ನು ನಮ್ಮ ಸಾಲಿಗೆ ಸೇರಿಸಿ ಹಾಡಿದ. ಅವನಿಗೆ ಈಗ ಎತ್ತಿಲ್ಲ. ಆದರೂ ನಾನು ಗಂಟೆಯನ್ನೇ ಕೊಟ್ಟೆ, ಕಂಚಿನದು. ಸೂಡಿಯವಳು ನನ್ನ ಕೈಯಿಂದ ಅದನ್ನು ಕಸಿದುಕೊಂಡು, ಎಲ್ಲರ ಎದುರು ಬಾರಿಸಿ ನೋಡಿದ ಮೇಲೆಯೇ ಅವನ ಜೋಳಿಗೆಗೆ ಹಾಕಿದಳು.