ರವಿವಾರದ ಕೆಂಪು ಕಣ್ಣು

ಕೊರೊನಾದ ಗದ್ದಲ ತಣ್ಣಗಾದ ಮರುವರ್ಷ. ಜೊಯಿಡಾ, ಮುಂಡಗೋಡ, ದಾಂಡೇಲಿ ಎಂದು ಸರಕಾರಿ ದವಾಖಾನೆಗಳಲ್ಲಿ ಕಣ್ಣಿನ ಡಾಕ್ಟರಾಗಿ ಸುತ್ತಾಡಿ ನಿವೃತ್ತಳಾದ ನಾನು, ಹಳಿಯಾಳದ ಪೇಟೆಯಲ್ಲಿ ಎರಡು ಕೋಣೆಯ ಕ್ಲಿನಿಕ್ ತೆರೆದು ಕೂತಿದ್ದೆ. ಇನ್ನು ಆರಾಮಾಗಿರಿ ಎಂದು ಎಲ್ಲರೂ ಹೇಳಿದ್ದರು. ಆರಾಮಾಗಿರುವುದು ನನಗೆ ಬರುವುದಿಲ್ಲ. ಕಣ್ಣಿಗೆ ಗುಲಾಬಿ ನೀರು, ಜೇನುತುಪ್ಪ ಹಾಕಿಕೊಂಡು ಬರುವವರನ್ನು ದಿನಕ್ಕೆ ಒಬ್ಬರನ್ನಾದರೂ ಬೈಯದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ ಯಮುನಾಬಾಯಿ ಎಂಬ ಹಿರಿಯ ಹೆಂಗಸು ತಮ್ಮ ಸೊಸೆಯನ್ನು ರಟ್ಟೆ ಹಿಡಿದು ಕರೆತಂದರು. ಕಲಘಟಗಿ ರಸ್ತೆಯ ಕಡೆಯ ಹಳ್ಳಿಯವರು. ಸೊಸೆ ಸವಿತಾಗೆ ಮೂವತ್ತು ದಾಟಿರಲಿಲ್ಲ. ಮುಂಡಗೋಡ ಕಡೆಯ ಹುಡುಗಿ. ಎರಡೂ ಕಣ್ಣು ಕೆಂಡದಂತೆ ಕೆಂಪಗಿದ್ದವು, ನೀರು ಸುರಿಯುತ್ತಿತ್ತು.

"ಬಾಯಾರ, ರವಿವಾರದೊಳಗ ಇಕಿ ಕಣ್ಣು ಬೆಳ್ಳಗ ಮಾಡಿಕೊಡ್ರಿ," ಎಂದರು ಯಮುನಾಬಾಯಿ.

"ಯಾಕ, ರವಿವಾರ ಏನೈತಿ?"

"ನನ್ನ ಮಗಾ ಫೋನ್ ಮಾಡ್ತಾನ್ರಿ. ವಿಡಿಯೋದಾಗ ನೋಡಿದ್ರ ಇಕಿ ಅತ್ತಂಗ ಕಾಣ್ತಾಳ. ಅಂವ ಅಲ್ಲಿ ತಲಿ ಕೆಡಿಸ್ಕೊಂಡು ಕುಂಡ್ರತಾನ."

ಮಗ ಪರಶುರಾಮ ಮಿಲಿಟರಿಯಲ್ಲಿದ್ದ. ಹಳಿಯಾಳ ಸುತ್ತಿನ ಮರಾಠಾ ಮನೆಗಳಲ್ಲಿ ಇದು ಹೊಸದಲ್ಲ. ಆತ ಉತ್ತರದ ಗಡಿಯಲ್ಲಿ ಎಲ್ಲೋ ಎತ್ತರದ ಜಾಗದಲ್ಲಿದ್ದ. ಸಿಗ್ನಲ್ ಸಿಕ್ಕರೆ ರವಿವಾರ ಮಾತ್ರ ಮುಖ ತೋರಿಸುತ್ತಿದ್ದ. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಗಂಡಸು ಬಂದೂಕು ಹಿಡಿದು ನಿಂತಿರುವಾಗ ಹೆಂಗಸರು ಅಳಬಾರದು, ಯಾವಾಗ ಬರುತ್ತೀ ಎಂದು ಕೇಳಬಾರದು, ಬಾ ಎಂದಂತೂ ಅನ್ನಲೇಬಾರದು. ಯಮುನಾಬಾಯಿಯವರ ಗಂಡನೂ ಮಿಲಿಟರಿಯವರೇ. ಪಿಂಚಣಿ ತೆಗೆದುಕೊಂಡು ಬಂದು ಮನೆಯಲ್ಲಿ ಕೆಲವೇ ವರ್ಷ ಬದುಕಿ ತೀರಿಕೊಂಡಿದ್ದರು.

"ಅವ್ರು ರಜಾ ಮುಗಿಸಿ ಹೊಂಟಾಗ ನಾ ಒಂದ್ ಹನಿ ಕಣ್ಣೀರು ಹಾಕಿದಾಕಿ ಅಲ್ಲರಿ," ಎಂದರು. ಹೇಳುವಾಗ ಬೆನ್ನು ನೆಟ್ಟಗಾಗಿತ್ತು.

ಸವಿತಾಳನ್ನು ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿದೆ. ಕಣ್ಣನ್ನು ಹಿಗ್ಗಿಸಿ ತೋರಿಸುವ ಸೂಕ್ಷ್ಮದರ್ಶಕ ಅದು. ರೆಪ್ಪೆಯ ಅಂಚು ದಪ್ಪಗಾಗಿ ಕೆಂಪೇರಿತ್ತು, ಕೂದಲ ಬುಡದಲ್ಲಿ ಹೊಟ್ಟಿನಂಥ ಹಕ್ಕಳೆ. ಮೂಗು, ಕೆನ್ನೆಯ ಚರ್ಮವೂ ಕೆಂಪಾಗಿತ್ತು. ಇದಕ್ಕೆ ರೊಸೇಶಿಯಾ ಎನ್ನುತ್ತಾರೆ, ಮುಖದ ಚರ್ಮದ ಒಂದು ದೀರ್ಘಕಾಲದ ತೊಂದರೆ. ನಮ್ಮ ಬಣ್ಣದ ಮುಖದಲ್ಲಿ ಆ ಕೆಂಪು ಸುಲಭಕ್ಕೆ ಕಾಣದು, ಬಿಸಿಲಿಗೋ ಒಲೆಯ ಝಳಕ್ಕೋ ಆಗಿದೆ ಎಂದು ಬಿಟ್ಟುಬಿಡುತ್ತೇವೆ. ಕೆಲವರಲ್ಲಿ ಅದು ರೆಪ್ಪೆಯ ಅಂಚಿಗೂ ಇಳಿಯುತ್ತದೆ. ಅಲ್ಲಿ ಸಾಲಾಗಿ ಸಣ್ಣ ಎಣ್ಣೆಗ್ರಂಥಿಗಳಿವೆ, ಮೈಬೋಮಿಯನ್ ಗ್ರಂಥಿಗಳೆಂದು ಹೆಸರು. ಅವು ಒಸರುವ ತೆಳು ಎಣ್ಣೆ ಕಣ್ಣೀರಿನ ಮೇಲೆ ಪದರವಾಗಿ ನಿಂತು ಅದು ಆರದಂತೆ ಕಾಯುತ್ತದೆ. ಸವಿತಾಳ ರೆಪ್ಪೆಯನ್ನು ಮೆಲ್ಲಗೆ ಒತ್ತಿದರೆ ಎಣ್ಣೆಯ ಬದಲು ಟೂತ್‌ಪೇಸ್ಟಿನಂಥ ಬಿಳಿ ಗಟ್ಟಿ ಬಂತು.

"ಕಣ್ಣು ಒಣಗೇತಿ," ಎಂದೆ.

ಯಮುನಾಬಾಯಿ ನನ್ನನ್ನೇ ಪರೀಕ್ಷೆ ಮಾಡುವವರ ಹಾಗೆ ನೋಡಿದರು. "ಹೊಳಿ ಹರದಂಗ ಹರಿಯಾಕತ್ತೈತಿ, ಒಣಗೇತಿ ಅಂತೀರಲ್ರಿ!"

ಈ ಪ್ರಶ್ನೆಯನ್ನು ನಾನು ವೃತ್ತಿಯುದ್ದಕ್ಕೂ ಕೇಳಿದ್ದೇನೆ. ಎಣ್ಣೆಯಿಲ್ಲದ ಕಣ್ಣೀರು ಬೇಗ ಆರಿಹೋಗುತ್ತದೆ. ಒಣಗಿದ ಕಣ್ಣು ಉರಿಯುತ್ತದೆ. ಉರಿದಾಗ ಮೈ ಗಾಬರಿಯಾಗಿ ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕೆನ್ನೆಗೆ ಇಳಿಯುತ್ತದೆಯೇ ಹೊರತು ಕಣ್ಣಲ್ಲಿ ನಿಲ್ಲುವುದಿಲ್ಲ. ಹೀಗೆ ವಿವರಿಸಿ ಚಿಕಿತ್ಸೆ ಹೇಳಿದೆ: ಬೆಳಿಗ್ಗೆ ಸಂಜೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಟ್ಟು ಶಾಖ, ಆಮೇಲೆ ರೆಪ್ಪೆಯನ್ನು ಅಂಚಿನ ಕಡೆಗೆ ತೀಡುವುದು, ಹತ್ತಿಯಿಂದ ಒರೆಸುವುದು, ಕೃತಕ ಕಣ್ಣೀರಿನ ಹನಿ. ಕಾಡಿಗೆ ಬಂದ್. ಜೊತೆಗೆ ಡಾಕ್ಸಿಸೈಕ್ಲಿನ್ ಗುಳಿಗೆ. ಬಸುರಿಯರಿಗೆ ಅದನ್ನು ಕೊಡುವಂತಿಲ್ಲ. ಆದ್ದರಿಂದ ಎಲ್ಲ ಹೆಣ್ಣುಮಕ್ಕಳನ್ನು ಕೇಳುವಂತೆ ಇವಳನ್ನೂ ಕೇಳಿದೆ.

"ಬಸುರಿ ಇದ್ದೀ ಏನವಾ?"

ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹುಡುಗಿ ತಲೆ ಎತ್ತಿದಳು. "ಹೆಂಗ ಇರ್ತೇನ್ರಿ ಬಾಯಾರ? ಅವ್ರು ಹೋಗಿ ವರ್ಷ ಆತು."

ಎಷ್ಟೋ ಸಲ ಕೇಳಿದ ಪ್ರಶ್ನೆ ಅದು. ಅಂದು ಮಾತ್ರ ನಾಚಿಕೆಯಾಯಿತು.

ಶಾಖ, ಶುದ್ಧಿ ಸರಿಯಾಗಿ ನಡೆದರೆ ಕೆಲವು ವಾರಗಳಲ್ಲಿ ಹಿತ ಕಾಣಬೇಕು. ಸವಿತಾಗೆ ಕಾಣಲಿಲ್ಲ. ಎರಡನೆಯ ಸಲ ಬಂದಾಗ ಹಕ್ಕಳೆ ಇದ್ದಲ್ಲೇ ಇತ್ತು. "ನೀರು ನಾನ ಕಾಸಿ ಕೊಡ್ತೇನ್ರಿ, ದಿನಾ ಎರಡ್ ಹೊತ್ತು," ಎಂದು ಯಮುನಾಬಾಯಿ ಆಣೆ ಮಾಡುವ ಧಾಟಿಯಲ್ಲಿ ಹೇಳಿದರು. ಅವರು ಸುಳ್ಳು ಹೇಳುವವರಲ್ಲ. ಮೂರನೆಯ ಸಲ ಬಂದದ್ದು ಒಂದು ಶುಕ್ರವಾರ. ಬೆಳಕೇ ಸಹಿಸಲಾಗದೆ ಸೆರಗು ಮುಚ್ಚಿಕೊಂಡು ಬಂದಿದ್ದಳು. ಬಲಗಣ್ಣಿನ ಕಾರ್ನಿಯಾದ, ಅಂದರೆ ಕಪ್ಪುಗುಡ್ಡೆಯ ಮುಂದಿನ ಗಾಜಿನಂಥ ಪೊರೆಯ, ಅಂಚಿನಲ್ಲಿ ಬಿಳಿ ಚುಕ್ಕೆ ಎದ್ದಿತ್ತು. ರೆಪ್ಪೆಯ ರೋಗ ಕಣ್ಣಿನ ಒಳಗಿನ ಬಾಗಿಲು ಬಡಿಯುವುದು ಹೀಗೆ. ಬಿಟ್ಟರೆ ಹುಣ್ಣಾಗಿ, ಕಲೆ ನಿಂತು, ನೋಟ ಮಂಜಾಗಬಹುದು.

ನನಗೆ ಸಿಟ್ಟು ಬಂತು. ಉರಿಯೂತ ಇಳಿಸುವ ಸ್ಟಿರಾಯ್ಡ್ ಹನಿ ತರಲೆಂದು ಯಮುನಾಬಾಯಿಯವರನ್ನು ಔಷಧದ ಅಂಗಡಿಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ.

"ಖರೇ ಹೇಳು. ಶಾಖ ಕೊಡ್ತೀ ಏನು?"

"ಇಲ್ಲರಿ."

"ಯಾಕ?"

ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು: "ಅವ್ರು ಫೋನ್ ಮಾಡಿದ್ರ ಮಳಿ ಆತೇನು, ಕಬ್ಬು ಹೆಂಗೈತಿ, ಎಮ್ಮಿ ಹಾಲು ಕೊಡ್ತೈತೇನು, ಇಷ್ಟ ಕೇಳ್ತಿದ್ರು. ಅತ್ತಿ ಬಾಜೂಕ ಕುಂತಿರ್ತಾರ, ನಾ ಏನ್ ಮಾತಾಡ್ಲಿ? ಕಣ್ಣು ಕೆಂಪಾದ ಮ್ಯಾಲ ಒಂದ್ ರವಿವಾರ ನನ್ನ ನೋಡಿ ಸುಮ್ಮನಾಗಿಬಿಟ್ರು. ಆಮ್ಯಾಲೆ, ಅಳಬ್ಯಾಡ ಸವಿ, ಈ ಸಲ ಬಂದ ಬಿಡ್ತೇನಿ ಅಂದ್ರು. ನಾ ಅತ್ತಿದ್ದಿಲ್ಲರಿ. ಕಣ್ಣು ತಾನ ಸುರೀತಿತ್ತು. ಅದು ಅಳು ಅಲ್ಲ ಅಂತ ಹೇಳಾಕ ನನಗ ಮನಸಾಗಲಿಲ್ಲ."

ಆಮೇಲೆ ಉಳಿದದ್ದನ್ನೂ ಹೇಳಿದಳು. ಪರಶುರಾಮನ ಸೇವೆಯ ಅವಧಿ ಮುಗಿಯುತ್ತ ಬಂದಿತ್ತು. ಇನ್ನೂ ಎರಡು ವರ್ಷ ಇರುತ್ತೇನೆಂದು ಬರೆದುಕೊಡಬೇಕು, ಇಲ್ಲವೇ ಪಿಂಚಣಿ ತೆಗೆದುಕೊಂಡು ಮನೆಗೆ ಬರಬೇಕು. ಬರುವ ವಾರದೊಳಗೆ ಅವನು ಉತ್ತರ ಕೊಡಬೇಕಿತ್ತು. ಬಾಯಲ್ಲಿ ಅನ್ನಬಾರದ ಮಾತನ್ನು ಹೇಳಲು ಅವಳ ಹತ್ತಿರ ಇದ್ದದ್ದು ಕೆಂಪು ಕಣ್ಣು ಮಾತ್ರ. ಬಿಸಿನೀರು ಒಳಕೋಣೆಯಲ್ಲಿ ಆರಿ, ಹಿತ್ತಲಿನ ಕರಿಬೇವಿನ ಗಿಡಕ್ಕೆ ಹೋಗುತ್ತಿತ್ತು.

ಬೈಯಲು ಕೂತವಳು ಬೈಯಲಾರದೆ ಹೋದೆ. ಆದರೆ ಚುಕ್ಕೆ ಕಾಯುವುದಿಲ್ಲ. "ಅಂವ ಮನಿಗೆ ಬಂದ ದಿನ ಅವನ ಮುಖ ನಿನಗ ನಿಚ್ಚಳ ಕಾಣೂದು ಬ್ಯಾಡೇನು?" ಎಂದೆ. ಸವಿತಾ ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚುತ್ತ, "ಕೊಡ್ತೇನ್ರಿ, ಶಾಖ," ಎಂದಳು. ಸ್ಟಿರಾಯ್ಡ್ ಹನಿ ಶುರು ಮಾಡಿದ ಕಣ್ಣನ್ನು ಬೇಗ ಮರಳಿ ನೋಡಬೇಕು. ರವಿವಾರ ನಾನು ಕ್ಲಿನಿಕ್ ತೆರೆಯುವುದಿಲ್ಲ. ಅಂದು ತೆರೆಯುತ್ತೇನೆ, ಬನ್ನಿ ಎಂದೆ.

ರವಿವಾರ ಬಂದಾಗ ಸವಿತಾ ಮಾತು ಉಳಿಸಿಕೊಂಡಿದ್ದಳು. ರೆಪ್ಪೆ ಶುಚಿಯಾಗಿತ್ತು, ಕೆಂಪು ಇಳಿದಿತ್ತು. ಚುಕ್ಕೆಯ ಗತಿ ನೋಡಲು ಫ್ಲೋರೆಸಿನ್ ಎಂಬ ಬಣ್ಣ ಹಾಕಿದೆ. ಪೊರೆ ಕಿತ್ತಿರುವಲ್ಲಿ ಆ ಬಣ್ಣ ಹಿಡಿದುಕೊಂಡು ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಚುಕ್ಕೆ ಸಣ್ಣದಾಗಿತ್ತು. ಖುಷಿಯಿಂದ ತಲೆ ಎತ್ತುವಷ್ಟರಲ್ಲಿ ಯಮುನಾಬಾಯಿಯವರ ಕೈಯ ಫೋನು ಬಡಿದುಕೊಂಡಿತು.

"ಬಾಯಾರ, ನೀವ ಅಂವಗ ಒಂದ್ ಮಾತು ಹೇಳ್ರಿ. ಇದು ರೋಗ ಐತಿ, ಅಳು ಅಲ್ಲ ಅಂತ. ಡಾಕ್ಟರು ಹೇಳಿದ್ರ ನಂಬ್ತಾನ." ಎನ್ನುತ್ತ ಫೋನನ್ನು ನನ್ನ ಮುಖಕ್ಕೆ ಹಿಡಿದರು. ಅದಕ್ಕಾಗಿಯೇ ಅವರು ಈ ಹೊತ್ತಿಗೆ ಬಂದಿದ್ದರು.

ತೆರೆಯ ಮೇಲೆ ಉಣ್ಣೆಯ ಟೋಪಿ ಹಾಕಿದ, ಗಾಳಿಗೆ ಕೆನ್ನೆ ಒಡೆದ ಒಬ್ಬ ಸೈನಿಕ. ನಾನು ಗ್ರಂಥಿ, ಎಣ್ಣೆ, ಶಾಖ ಎಲ್ಲ ಹೇಳಿದೆ. ಅವನು ಗಮನವಿಟ್ಟು ಕೇಳಿದ.

"ಹಂಗಾರ ಆಕಿ ಅಳಾಕತ್ತಿದ್ದಿಲ್ಲ ಅನ್ನರಿ?" ಧ್ವನಿಯಲ್ಲಿ ಸಮಾಧಾನವಿತ್ತು, ಸ್ವಲ್ಪ ನಿರಾಸೆಯೂ ಇತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ. "ನಾ ಸುಮ್ನ ತಲಿ ಕೆಡಿಸ್ಕೊಂಡೆ. ಮನ್ಯಾಗ ಎಲ್ಲಾ ಬರೋಬರಿ ಇದ್ರ ಇನ್ನೆರಡ್ ವರ್ಷಕ್ಕ ಸಹಿ ಹಾಕೇ ಬಿಡ್ತೇನ್ರಿ."

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಆ ಹುಡುಗಿಯ ಕೈಯಲ್ಲಿದ್ದ ಒಂದೇ ಒಂದು ಮಾತನ್ನು ನಾನು ಕಿತ್ತುಕೊಂಡ ಹಾಗಾಯಿತು. ಅವಳು ಮುಚ್ಚಿಟ್ಟದ್ದನ್ನು ಬಯಲು ಮಾಡುವ ಹಕ್ಕು ಡಾಕ್ಟರಿಗಿಲ್ಲ.

"ಕಣ್ಣಿನ ಮಾತಷ್ಟ ನಾ ಹೇಳೂದು," ಎಂದೆ. "ಉಳಿದದ್ದು ನಿಮ್ಮ ಹೆಂಡತೀನ ಕೇಳ್ರಿ."

ಫೋನನ್ನು ಇಸಿದುಕೊಂಡು ಸವಿತಾಳ ಕಡೆ ತಿರುಗಿಸಿದೆ. ಸವಿತಾ ಗಂಡನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಕಣ್ಣಿಂದ ನೀರು ಇಳಿಯಿತು. ಫ್ಲೋರೆಸಿನ್ ಬೆರೆತ ಆ ನೀರು ಅರಿಶಿಣ ಕಲಸಿದಂತೆ ಕೆನ್ನೆಯ ಮೇಲೆ ಹಳದಿ ಗೆರೆ ಎಳೆಯಿತು.

ಯಮುನಾಬಾಯಿ ಸೊಸೆಯ ಮುಖವನ್ನು ಹತ್ತಿರದಿಂದ ನೋಡಿದರು. ಎಷ್ಟೋ ವಾರಗಳಿಂದ ಆ ಕಣ್ಣನ್ನು ನೋಡುತ್ತಿದ್ದವರು, ಈಗ ಮುಖ ನೋಡಿದರು.

"ಬಾಯಾರ, ಇದೂ ರೋಗದ ನೀರನ?"

ಆ ನೀರನ್ನು ಬೇರೆ ಮಾಡಿ ತೋರಿಸುವ ಯಂತ್ರ ನನ್ನ ಬಳಿ ಇಲ್ಲ. ಬೇಕಾಗಿಯೂ ಇರಲಿಲ್ಲ. "ಅಲ್ಲರಿ," ಎಂದೆ.

ಅವರು ನನ್ನ ಕೈಯಿಂದ ಫೋನು ತೆಗೆದುಕೊಂಡರು. "ಪರಶ್ಯಾ, ಸಹಿ ಹಾಕಬ್ಯಾಡ. ಸಾಕು. ಮನಿಗೆ ಬಾ," ಎಂದವರೇ, ಅವನು ಏನು ಅಂದನೆಂದು ಕೇಳುವ ಮೊದಲೇ ಫೋನು ಕಟ್ ಮಾಡಿದರು. ಕುರ್ಚಿಯಲ್ಲಿ ಕೂತು, ನಮ್ಮಿಬ್ಬರನ್ನೂ ನೋಡದೆ ಗೋಡೆಯ ಅಕ್ಷರಗಳ ಫಲಕ ನೋಡುತ್ತ ಹೇಳಿದರು: "ಪರಶ್ಯಾನ ಅಪ್ಪಾನೂ ಹಿಂಗ ಮತ್ತ ಮತ್ತ ಸಹಿ ಹಾಕಿದ್ರು. ಕಡೀಕ ಬಂದು, ಹಾಸಿಗಿ ಹಿಡದಾಗ ಅಂದ್ರು, ನೀ ಒಮ್ಮ್ಯಾದ್ರೂ ಬಾ ಅಂದಿದ್ರ ನಾ ಅವತ್ತ ಬರ್ತಿದ್ನಲ್ಲಾ ಅಂತ."

ಮಿಲಿಟರಿಯ ಕಾಗದಗಳು ನಿಧಾನ. ಪರಶುರಾಮ ಬರುವ ಹೊತ್ತಿಗೆ ಕಬ್ಬು ಕಡಿದು ಸಾಗಿಸಿ ಆಗಿತ್ತು. ಅಲ್ಲಿಯವರೆಗೆ ಸವಿತಾ ಎರಡು ಹೊತ್ತೂ ಶಾಖ ಕೊಟ್ಟಳು. ನೀರು ಕಾಸುವುದು ಅತ್ತೆ, ಬಟ್ಟೆ ಹಿಂಡಿ ಕಣ್ಣಿಗಿಡುವುದೂ ಅತ್ತೆಯೇ. ಈ ರೋಗ ಬೇರುಸಹಿತ ಹೋಗುವುದಿಲ್ಲ, ದಿನಾ ನೋಡಿಕೊಂಡರೆ ಅಂಕೆಯಲ್ಲಿರುತ್ತದೆ. "ಈಗ ಅವ್ರು ಫೋನಿನ್ಯಾಗ ಚಾಷ್ಟಿ ಮಾಡ್ತಾರ್ರಿ," ಎಂದು ಒಮ್ಮೆ ನಗುತ್ತ ಹೇಳಿದಳು. "ಕಣ್ಣು ಬೆಳ್ಳಗಾಗ್ಯಾವು, ನನ್ನ ಮರತೀ ಏನು ಅಂತಾರ."

ಅವನು ಬಂದ ಎಷ್ಟೋ ದಿನಗಳ ಮೇಲೆ ಮೂವರೂ ಒಟ್ಟಿಗೆ ಬಂದರು. ಬೇಸಿಗೆಗೆ ಸವಿತಾಳ ರೆಪ್ಪೆ ಸ್ವಲ್ಪ ಕೆರಳಿತ್ತು. ಡಾಕ್ಸಿಸೈಕ್ಲಿನ್ ಬರೆಯುವ ಮುನ್ನ ಅದೇ ಹಳೆಯ ಪ್ರಶ್ನೆ ಕೇಳಿದೆ. ಅವಳು ಉತ್ತರ ಹೇಳದೆ ಗಂಡನ ಕಡೆ ನೋಡಿದಳು. ಅವನು ನಾಚಿ ಎದ್ದು ಹೊರಗೇ ಹೋಗಿಬಿಟ್ಟ. ನಾನು ಆ ಗುಳಿಗೆ ಬರೆಯಲಿಲ್ಲ.

ಗಂಡಹೆಂಡತಿ ಮುಂದೆ ಹೋದ ಮೇಲೂ ಯಮುನಾಬಾಯಿ ಬಾಗಿಲ ಬಳಿ ನಿಂತೇ ಇದ್ದರು. "ನನ್ನ ಕಣ್ಣೂ ಒಮ್ಮೆ ನೋಡ್ರಿ ಬಾಯಾರ. ಮಗಾ ಬಂದಾಗಿಂದ ನಡುವ ನಡುವ ನೀರು ಬರಾಕತ್ತಾವು. ಸೊಸೀದು ನನಗೂ ಹತ್ತಿತೋ ಏನೋ."

ಕೂರಿಸಿ ನೋಡಿದೆ. ರೆಪ್ಪೆ ಶುಚಿ, ಎಣ್ಣೆ ತಿಳಿ, ನೀರಿನ ಪದರ ಸರಿಯಾಗಿತ್ತು. ವಯಸ್ಸಿಗೆ ತಕ್ಕ ಸಣ್ಣ ಪೊರೆ ಬಿಟ್ಟರೆ ಏನೂ ಇರಲಿಲ್ಲ.

"ಯಾವ ಹೊತ್ತಿಗೆ ಬರ್ತಾವು?" ಎಂದು ಕೇಳಿದೆ.

"ಅವರಿಬ್ಬರೂ ಕಟ್ಟಿ ಮ್ಯಾಲ ಕುಂತು ಮಾತಾಡ್ತಿರ್ತಾರಲ್ಲ, ಅವಾಗ."

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲರಿ," ಎಂದೆ.

ಅವರು ಸೆರಗು ಸರಿಮಾಡಿಕೊಂಡು ಎದ್ದು, "ಹಂಗಾರ ಬರಲಿ ಬಿಡ್ರಿ," ಎಂದರು.

ಸುರಿಯುವ ಕಣ್ಣನ್ನು ನಿಲ್ಲಿಸುವುದನ್ನೇ ನಾನು ಇಡೀ ವೃತ್ತಿಯಲ್ಲಿ ಕಲಿತದ್ದು. ಎಲ್ಲವನ್ನೂ ನಿಲ್ಲಿಸಬೇಕಿಲ್ಲ ಎಂದು ಅಂದು ತಿಳಿಯಿತು. ಯಮುನಾಬಾಯಿಯವರ ಹೆಸರು ಬರೆದಿದ್ದ ಚೀಟಿಯಲ್ಲಿ ಯಾವ ಹನಿಯನ್ನೂ ಬರೆಯದೆ ಅವರನ್ನು ಮನೆಗೆ ಕಳಿಸಿದೆ.