ಮಂಡಿಗೆ ಕಟ್ಟಿದ ಬಿದಿರು ದಬ್ಬೆ

ನನ್ನ ಮೊಮ್ಮಗಳು ಬೆಂಗಳೂರಿನ ಒಂದು ಕ್ಲಬ್ಬಿಗೆ ಫುಟ್‌ಬಾಲ್ ಆಡುತ್ತಿದ್ದಳು. ದೇಶದ ಹೆಣ್ಣುಮಕ್ಕಳ ತಂಡಕ್ಕೆ ಆರಿಸುವ ಶಿಬಿರಕ್ಕೆ ಅವಳನ್ನೂ ಕರೆದಿದ್ದರು. ಸಂಕ್ರಾಂತಿ ಕಳೆದ ಮೇಲೆ ಹೊರಡಬೇಕಿತ್ತು. ಅಷ್ಟರೊಳಗೆ ಮಂಡಿ ಹೋಯಿತು.

ಹೆಣ್ಣುಮಕ್ಕಳ ಕ್ಲಬ್ಬು ಎಂದರೆ ಏನೆಂದು ನನಗೆ ಆಮೇಲೆ ಗೊತ್ತಾಯಿತು. ಲೀಗು ನಡೆಯುವಷ್ಟು ದಿನ ಊಟ, ರೂಮು, ಸಂಬಳ ಇರುತ್ತದೆ. ಮುಗಿದ ಮೇಲೆ ಬ್ಯಾಗು ಕೈಗೆ ಕೊಟ್ಟು ಬಸ್ಸು ಹತ್ತಿಸುತ್ತಾರೆ. ಮುಂದಿನ ವರ್ಷ ಆ ಕ್ಲಬ್ಬು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅವಳು ಮೊದಲು ಆಡಿದ್ದ ಕ್ಲಬ್ಬು ಹಾಗೇ ಮುಚ್ಚಿಕೊಂಡಿತ್ತು. ಉಳಿದ ತಿಂಗಳುಗಳಲ್ಲಿ ಹೊಸೂರು ಕಡೆಯ ತಳಿ ಎಂಬ ಊರಿನ ಹತ್ತಿರದ ನಮ್ಮ ಹಳ್ಳಿಗೆ ಬಂದು ಹೂವಿನ ಶೆಡ್ಡಿನಲ್ಲಿ ಗುಲಾಬಿ ಕತ್ತರಿಸುತ್ತಿದ್ದಳು. ಬೆಳಿಗ್ಗೆ ಒಣಗಿದ ಕೆರೆಯಂಗಳದಲ್ಲಿ ದನಗಳ ಜೊತೆ ಒಬ್ಬಳೇ ಚೆಂಡು ಒದೆಯುತ್ತಿದ್ದಳು.

ಶಿಬಿರಕ್ಕೆ ಹೋಗುವ ಮೊದಲು ಕಾಲು ಜಡ್ಡು ಹಿಡಿಯಬಾರದೆಂದು ಹೊಸೂರಿನಲ್ಲಿ ಯಾರೋ ನಡೆಸಿದ ಪಂದ್ಯಕ್ಕೆ ಹೋದಳು. ಜಲ್ಲಿ ನೆಲ. ಪಕ್ಕದಿಂದ ಒಬ್ಬಳು ಬಂದು ಡಿಕ್ಕಿ ಹೊಡೆದಳು.

"ಟಪ್ ಅಂತು ಅಜ್ಜಿ. ನನ್ ಕಿವಿಗೇ ಕೇಳಿಸ್ತು," ಅಂದಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮಂಡಿಯೊಳಗಿನ ನಾರು ಹರಿದಿದೆ, ಆಪರೇಷನ್ ಮಾಡಬೇಕು, ಆಮೇಲೂ ಬಹಳ ತಿಂಗಳು ವ್ಯಾಯಾಮ ಬೇಕು ಎಂದರು. ಈ ಸಲದ ಶಿಬಿರದ ಆಸೆ ಬಿಡಿ ಎಂದರು. ಫ್ಯಾಕ್ಟರಿಯಲ್ಲಿ ಲೇತ್ ಓಡಿಸುವ ನನ್ನ ಮಗ, ಅಂದರೆ ಅವಳ ಅಪ್ಪ, ಕ್ಲಬ್ಬಿಗೆ ಫೋನ್ ಮಾಡಿದ. ನಾನು ಕಸಿದುಕೊಂಡು, ಆಪರೇಷನ್ ಖರ್ಚು ಕೊಡುತ್ತೀರಾ ಎಂದು ಕೇಳಿದೆ. ಆ ಕಡೆಯ ಮ್ಯಾನೇಜರು ತಮಿಳಿನವನು, ಅಜ್ಜಿ ಎನ್ನುವುದಕ್ಕೆ ಪಾಟಿ ಎನ್ನುತ್ತಾ ಮರ್ಯಾದೆಯಾಗಿಯೇ ಮಾತಾಡಿದ.

"ನಮ್ ಮ್ಯಾಚ್‌ನಲ್ಲಿ ಬಿದ್ದಿದ್ರೆ ನೋಡ್ತಾ ಇದ್ವಿ ಪಾಟಿ. ಇದು ಹೊರಗಿನ ಮ್ಯಾಚು."

"ನಿಮ್ ಮ್ಯಾಚು ವರ್ಷಕ್ಕೆ ಎಷ್ಟ್ ದಿನ ಐತಪ್ಪ?" ಅಂದೆ. ಅವನು ಫೋನ್ ಇಟ್ಟ.

ಆ ರಾತ್ರಿ ಊಟಕ್ಕೆ ಕೂತಾಗ ಮಗ ತೀರ್ಮಾನ ಮಾಡಿಬಿಟ್ಟ.

"ಕೊಯ್ಸೋದ್ ಬ್ಯಾಡಮ್ಮ. ನಾರು ಹರ್ದೈತೆ ಅಂತ ಅವ್ರೇ ಅಂದ್ರಲ್ಲ? ಹರ್ದಿದ್ನ ಸೇರ್ಸಿ ಕಟ್ಟಿದ್ರೆ ಕೂಡ್ಕತದೆ. ನಾಟ್ರಾಂಪಾಳ್ಯದ ಮುದುಕನ ಹತ್ರ ಕರ್ಕೊಂಡೋಗಿ ಕಟ್ಟು ಹಾಕುಸ್ತೀನಿ."

"ಅವ್ನು ಮೂಳೆ ಕೂಡ್ಸೋನು ಕಣ್ಲಾ. ಇವ್ಳಿಗೆ ಮೂಳೆ ಎಲ್ಲಿ ಮುರ್ದೈತೆ?"

"ನಿನ್ ಕೈ ಮುರ್ದಾಗ ಕೂಡ್ಸಿದ್ದು ಯಾರು? ಡಾಕ್ಟ್ರಾ?"

ನನ್ನ ಕೈ ಕೂಡಿಸಿದ್ದು ಆ ಮುದುಕನೇ. ಇವತ್ತಿಗೂ ಆ ಕೈಯಲ್ಲೇ ಮುದ್ದೆ ತಿರುವುತ್ತೇನೆ. ಮೊಮ್ಮಗಳೂ ಅಪ್ಪನ ಕಡೆಯೇ ನಿಂತಳು. ಡಾಕ್ಟರು ಶಿಬಿರ ಇಲ್ಲ ಎಂದಿದ್ದರು. ಇಲ್ಲ ಎನ್ನದವನು ಅವಳಿಗೆ ಬೇಕಿತ್ತು.

ಅಂಚೆಟ್ಟಿ ದಾಟಿ ಜೀಪಿನಲ್ಲಿ ಹೋದೆವು. ಕಟ್ಟು ಹಾಕುವ ಮುದುಕ ಸೊಪ್ಪು ಅರೆದು, ಮೊಟ್ಟೆಯ ಬಿಳಿ ಕಲೆಸಿ ಮಂಡಿಗೆ ಮೆತ್ತಿ, ಬಿದಿರು ದಬ್ಬೆ ಇಟ್ಟು ಬಟ್ಟೆ ಬಿಗಿದ.

"ಸಂಕ್ರಾಂತಿಗೆ ಓಡ್ಬೌದಾ ತಾತ?" ಅಂತ ಅವಳು ಕೇಳಿದಳು.

"ಓಡೋದೇನು, ಕುದ್ರೆ ಹಂಗೆ ಹಾರು. ಹುಳಿ ತಿನ್ಬ್ಯಾಡ, ಕಟ್ಟು ಬಿಚ್ಬ್ಯಾಡ."

ಅವಳು ಹುಣಸೆ ಮುಟ್ಟಲಿಲ್ಲ, ಕಟ್ಟು ಬಿಚ್ಚಲಿಲ್ಲ. ರಾಗಿ ತೆನೆ ಬಿಟ್ಟಾಗ ಹಾಕಿದ ಕಟ್ಟನ್ನು ಕೊಯ್ಲಾದ ಮೇಲೆ ತೆಗೆದರು. ತೊಡೆ ಕರಗಿ ಕೋಲಾಗಿತ್ತು. ಮಂಡಿ ಬಗ್ಗಲಿಲ್ಲ. ಮುದುಕ ಬಿಸಿ ಎಣ್ಣೆ ಹಾಕಿ ಒತ್ತಿದ. ಅವಳು ನನ್ನ ಸೆರಗು ಕಚ್ಚಿಕೊಂಡಳು. ಮತ್ತೆ ಒತ್ತಿದ. "ಬಗ್ತದೆ, ಬಗ್ತದೆ," ಅನ್ನುತ್ತಿದ್ದವನು ಕೊನೆಗೆ ಕೈ ಒರೆಸಿಕೊಂಡ. ಸಂಕ್ರಾಂತಿ ಬಂತು, ಹೋಯಿತು. ತುಂಬಿಟ್ಟ ಬ್ಯಾಗನ್ನು ಅವಳೇ ಅಟ್ಟಕ್ಕೆ ಹಾಕಿಸಿದಳು. ಹೊಸೂರಿನ ಡಾಕ್ಟರಿಗೆ ಮತ್ತೆ ತೋರಿಸಿದಾಗ ಅವರು ಮಗನ ಮುಖ ನೋಡಿ ತಲೆ ಆಡಿಸಿದರು. ಇಷ್ಟು ದಿನ ಕಟ್ಟಿಟ್ಟು ಮಂಡಿ ಬಿಗಿದುಹೋಗಿದೆ, ಇನ್ನು ಏನು ಮಾಡಿಸಿದರೂ ಬರೀ ನಡೆಯಬಹುದು, ಆಡಲಾಗುವುದಿಲ್ಲ ಎಂದರು.

ಬೇಸಿಗೆಯಲ್ಲಿ ಅವಳ ಜೊತೆ ಅದೇ ಕ್ಲಬ್ಬಿನಲ್ಲಿ ಆಡುತ್ತಿದ್ದ ಅಂಚೆಟ್ಟಿ ಕಡೆಯ ಹುಡುಗಿ ಊರಿಗೆ ಹೋಗುತ್ತಾ ನಮ್ಮ ಮನೆಗೆ ಬಂದಳು. ಮೈಮೇಲೆ ದೇಶದ ತಂಡದ ನೀಲಿ ಅಂಗಿ. ಮುದ್ದೆ ಬಡಿಸಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊಮ್ಮಗಳು ಕಾಲು ಚಾಚಿ ಕುರ್ಚಿಯಲ್ಲಿ.

"ಅಲ್ಲಿ ಚಪಾತಿ ಅಂತ ಚಪ್ಲಿ ಕೊಡ್ತಾರೆ ಅಜ್ಜಿ. ಜಗ್ದೂ ಜಗ್ದೂ ನನ್ ದವಡೆನೇ ನ್ಯಾಷನಲ್ ಪ್ಲೇಯರ್ ಆಗೋಯ್ತು," ಅಂದಳು. ಮೊಮ್ಮಗಳು ನಕ್ಕಳು. ಆಮೇಲೆ ಕೇಳಿದಳು:

"ನನ್ ಜಾಗದಾಗೆ ಯಾರ್ನ ಹಾಕೌರೆ?"

ಆ ಹುಡುಗಿ ಸಾರಿನಲ್ಲಿ ಬೆರಳು ಆಡಿಸಿದಳು. "ನನ್ನೇ ಕಣೆ."

"ಎಡಗಡೆಯಿಂದ ಬರೋರ್ನ ನೋಡ್ಕೊ. ನೀನು ಆ ಕಡೆ ತಿರ್ಗೋದೇ ಇಲ್ಲ. ತಿನ್ನು, ಮುದ್ದೆ ಆರ್ತದೆ."

ಅವಳು ಹೋದ ಮೇಲೆ ನೆಲದ ಮೇಲಿನ ತಟ್ಟೆ ಎತ್ತಲು ಮೊಮ್ಮಗಳು ಎದ್ದು ಬಂದಳು. ಬಗ್ಗಲು ನೋಡಿದಳು, ಗೋಡೆ ಹಿಡಿದು ನಿಂತಳು. ನಾನೇ ಎತ್ತಿದೆ.