ಕಾಲಿಗೆ ಗೊತ್ತಿದ್ದ ಮನೆ

ಹಳೆಯ ಮಣ್ಣಿನ ಗೋಡೆಯನ್ನು ಕೆಡವಿ, ಧೂಳು ಏಳದಿರಲಿ ಎಂದು ಅದರ ಮೇಲೆ ನೀರು ಚಿಮುಕಿಸಿದಾಗ ಒಂದು ವಾಸನೆ ಬರುತ್ತದೆ. ಮೊದಲ ಮಳೆಯ ವಾಸನೆಯಲ್ಲ ಅದು. ಅದರಲ್ಲಿ ಸೌದೆ ಒಲೆಯ ಹೊಗೆ ಇರುತ್ತದೆ, ವರ್ಷ ವರ್ಷವೂ ಬಳಿದ ಸುಣ್ಣ ಇರುತ್ತದೆ, ಮಣ್ಣು ಕಲೆಸುವಾಗ ಸೇರಿಸಿದ ರಾಗಿ ಹುಲ್ಲು ಇರುತ್ತದೆ, ಗೋಡೆಗೆ ಒರಗಿ ಕೂತವರ ತಲೆಯ ಹರಳೆಣ್ಣೆಯೂ ಇರುತ್ತದೆ. ಕೊಡಿಗೇಹಳ್ಳಿಯ ನಮ್ಮ ಮನೆಯ ನಡುಮನೆ ಗೋಡೆ ಬಿದ್ದ ದಿನ ನಾನು ಬೀದಿಯ ಆಚೆ ಬದಿಯಲ್ಲಿ, ಮೂಗಿಗೆ ಸೆರಗು ಹಿಡಿದು ನಿಂತಿದ್ದೆ. ಕೆಲಸದವರು ಪೈಪು ಹಿಡಿದು ನೀರು ಬಿಟ್ಟರು. ಸೆರಗು ತೆಗೆದೆ. ಐವತ್ತೈದು ದಾಟಿದ, ಮೊಣಕಾಲು ನೋವಿನ ಹೆಂಗಸು ನಾನು. ಆ ಕ್ಷಣ ಎಂಟು ವರ್ಷದವಳಾಗಿ ಅದೇ ಗೋಡೆಗೆ ಬೆನ್ನು ಕೊಟ್ಟು, ಅತ್ತೆ ಬಂದು ತಲೆ ಬಾಚಲಿ ಎಂದು ಕಾಯುತ್ತಾ ಕೂತಿದ್ದೆ. ನಿಮ್ಮ ಮನೆಯೂ ಹೀಗೆ ಎಂದಾದರೂ ಬಿದ್ದಿದ್ದರೆ, ಈ ವಾಸನೆಯನ್ನು ನಾನು ಇನ್ನಷ್ಟು ವಿವರಿಸಬೇಕಾಗಿಲ್ಲ.

ನಮ್ಮ ಮನೆಯನ್ನು ಯಾರೂ ಒಂದೇ ಸಲಕ್ಕೆ ಕಟ್ಟಲಿಲ್ಲ. ತಾತ ಕಟ್ಟಿದ್ದು ನಡುಮನೆ, ಅದರ ಮೂಲೆಯಲ್ಲೊಂದು ದೇವರ ಗೂಡು, ಅಷ್ಟೇ. ಅಮ್ಮ ಮದುವೆಯಾಗಿ ಬಂದಾಗ ಅಪ್ಪ ಅದರ ಹಿಂದಕ್ಕೆ ಅಡುಗೆಮನೆ ಸೇರಿಸಿದ. ಅದರ ಹಿಂದಕ್ಕೆ ಅತ್ತೆಯ ರೂಮು ಬಂತು. ಅದರ ಹಿಂದಕ್ಕೆ ನನಗೂ ತಮ್ಮ ನಾಗರಾಜನಿಗೂ ಓದುವ ರೂಮು ಬಂತು. ಬಾಗಿಲುಗಳೆಲ್ಲ ಒಂದೇ ಸಾಲಿಗಿದ್ದವು, ಬೀದಿ ಬಾಗಿಲಲ್ಲಿ ನಿಂತರೆ ಹಿತ್ತಲಿನ ನುಗ್ಗೆಮರ ನೇರ ಕಾಣುತ್ತಿತ್ತು. ತಾತನದೊಂದು ಕಟ್ಟಳೆ ಇತ್ತು. ಹಿರಿಯರು ಕಟ್ಟಿದ ನೆಲಕ್ಕಿಂತ ಆಮೇಲೆ ಬಂದವರು ಕಟ್ಟುವ ನೆಲ ಒಂದು ಮೆಟ್ಟಿಲು ಕೆಳಗಿರಬೇಕು. ದೊಡ್ಡವರ ಸಮಕ್ಕೆ ಚಿಕ್ಕವರು ಕೂರಬಾರದು. ಅಪ್ಪ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಹೀಗಾಗಿ ನಮ್ಮ ಮನೆಯಲ್ಲಿ ಹಿಂದಕ್ಕೆ ಹೋದಷ್ಟೂ ಇಳಿಯುತ್ತಾ ಹೋಗಬೇಕಿತ್ತು, ಅಡುಗೆಮನೆಗೆ ಒಂದು, ಅತ್ತೆಯ ರೂಮಿಗೆ ಇನ್ನೊಂದು, ನಮ್ಮ ರೂಮಿಗೆ ಮತ್ತೊಂದು. ಮನೆಯಲ್ಲೇ ಚಿಕ್ಕವರಾದ ನಾವು ಎಲ್ಲರಿಗಿಂತ ತಗ್ಗಿನಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆವು. ಬುದ್ಧಿ ಇದ್ದ ಯಾರೇ ಆದರೂ ಹೀಗೆ ಕಟ್ಟುತ್ತಿರಲಿಲ್ಲ ಎಂದು ಈ ಸಲ ಮನೆ ಕೆಲಸ ಹಿಡಿದ ಎಂಜಿನಿಯರು ನಕ್ಕ. ಆದರೆ ಆಗ ನೆಲವೇ ಕೆರೆಯ ಕಡೆಗೆ ಇಳಿಜಾರಾಗಿತ್ತು. ಮಳೆಯ ನೀರು ನಮ್ಮ ಹಿತ್ತಲಿನಿಂದ ಹೊರಟು, ದ್ರಾಕ್ಷಿ ತೋಟ ಹಾಯ್ದು, ತನ್ನ ಪಾಡಿಗೆ ಕೆರೆ ಸೇರುತ್ತಿತ್ತು.

ಆ ದ್ರಾಕ್ಷಿ ತೋಟ ನಮ್ಮದೇ. ಬಳ್ಳಿ ಹಬ್ಬಿಸಲು ನಿಲ್ಲಿಸಿದ್ದ ಕಲ್ಲುಕಂಬಗಳಲ್ಲಿ ಮುರಿದವನ್ನು ತಂದು ಅಪ್ಪ ಮೆಟ್ಟಿಲಿಗೆ ಹಾಸಿದ್ದ. ತಂತಿ ತೂರಿಸಲು ಕೊರೆದಿದ್ದ ತೂತುಗಳು ಅವುಗಳಲ್ಲಿ ಹಾಗೇ ಇದ್ದವು. ಅಡುಗೆಮನೆಯ ಕಲ್ಲಿಗೆ ಎಡಗಡೆ ಒಂದು ತೂತು. ಅತ್ತೆಯ ರೂಮಿನ ಕಲ್ಲಿಗೆ ಪಕ್ಕಪಕ್ಕದಲ್ಲೇ ಎರಡು. ಕಲ್ಲುಕುಟಿಗ ಮೊದಲನೆಯದನ್ನು ತಪ್ಪಾಗಿ ಕೊರೆದು ಆಮೇಲೆ ತಿದ್ದಿಕೊಂಡಿದ್ದ. ನಮ್ಮ ರೂಮಿನ ಕಲ್ಲಿಗೆ ತೂತಿರಲಿಲ್ಲ, ಒಂದು ಮೂಲೆ ಚಕ್ಕೆ ಎದ್ದಿತ್ತು. ಬೇಸಿಗೆಯಲ್ಲಿ ಆ ಕಲ್ಲುಗಳು ತಣ್ಣಗಿರುತ್ತಿದ್ದವು. ಹಣ್ಣಿನ ಕಾಲದಲ್ಲಿ ಮನೆ ತುಂಬಾ ಕಪ್ಪು ದ್ರಾಕ್ಷಿಯ ಹುಳಿ ಘಮಲು, ಬುಟ್ಟಿಗಳ ಸುತ್ತ ಜೇನುನೊಣ. ತೂತುಗಳಲ್ಲಿ ನಾವು ದ್ರಾಕ್ಷಿ ಬೀಜ ತುಂಬಿಡುತ್ತಿದ್ದೆವು, ಅಮ್ಮ ಬೈದುಕೊಂಡು ಕಡ್ಡಿಯಲ್ಲಿ ಕೆದಕಿ ತೆಗೆಯುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ತಂಗಿ, ಪುಟ್ಟಮ್ಮ. ಟಿ. ದಾಸರಹಳ್ಳಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಅವಳು ಒಂದು ತಗಡಿನ ಟ್ರಂಕು ಹಿಡಿದು ತವರಿಗೆ ವಾಪಸ್ ಬಂದಳು. ಆಗ ನನಗೆ ನಾಲ್ಕು ವರ್ಷ. ನಡುಮನೆಯ ಮೂಲೆಯಲ್ಲಿ ಒಂದು ಚಾಪೆಯಷ್ಟು ಜಾಗ ಸಾಕು ಅವಳಿಗೆ ಎಂದು ನೆಂಟರೆಲ್ಲ ತೀರ್ಮಾನ ಮಾಡಿ, ಊಟ ಮಾಡಿ ಹೋದರಂತೆ. ಅಪ್ಪ ಯಾರಿಗೂ ಎದುರು ಮಾತಾಡದೆ ಮಾರನೇ ದಿನವೇ ಪಾಯ ತೋಡಿಸಿದ. ರೂಮಿನ ಬಾಗಿಲಿಗೆ ಒಳಗಡೆ ಚಿಲಕ ಇಡಿಸಿದ. ಒಂಟಿ ಹೆಂಗಸಿಗೆ ಒಳಚಿಲಕ ಯಾಕೆ ಎಂದು ಕೇಳಿದ ದೊಡ್ಡಪ್ಪನಿಗೆ ಅವನು ಹೇಳಿದ ಮಾತನ್ನು ಅಮ್ಮ ಸಾಯುವವರೆಗೂ ನೆನೆಯುತ್ತಿದ್ದಳು: "ಬಾಗ್ಲು ಆಕ್ಕೊಳ್ಳೋದೂ ತೆಗಿಯೋದೂ ಅವಳಿಷ್ಟ. ಅವಳ ಮನೆ ಇದು." ಮೆಟ್ಟಿಲಿಗೆ ಹಾಕುವ ಕಲ್ಲನ್ನು ಅತ್ತೆಯೇ ತೋಟಕ್ಕೆ ಹೋಗಿ ಆರಿಸಿದಳು. ಮದುವೆಗೆ ಮೊದಲು ಅವಳು ಬಳ್ಳಿ ಕಟ್ಟುತ್ತಿದ್ದ ಸಾಲಿನ ಕಂಬವಂತೆ ಅದು.

ಅತ್ತೆ ನಮಗೊಂದು ಆಟ ಕಲಿಸಿದಳು. ಚೊಂಬಿಗೆ ಕಂಠದವರೆಗೆ ನೀರು ತುಂಬಿ, ನಡುಮನೆಯಿಂದ ಹೊರಟು, ಮೂರು ಮೆಟ್ಟಿಲಿಳಿದು, ಓದುವ ರೂಮಿನ ಕಿಟಕಿಯ ಹತ್ತಿರ ಇಡಬೇಕು. ತೊಟ್ಟು ನೀರೂ ಚೆಲ್ಲಬಾರದು. ನಾನು ಪ್ರತಿ ಸಲವೂ ಕಾಲನ್ನೇ ನೋಡಿಕೊಂಡು ನಡೆದು, ಎರಡನೇ ಕಲ್ಲಿನ ಮೇಲೆ ಚೆಲ್ಲುತ್ತಿದ್ದೆ. ನಾಗ ಓಡಿ ಗೆಲ್ಲಲು ಹೋಗಿ ಮೂರನೇ ಕಲ್ಲಿನ ಮೇಲೆ ಬಿದ್ದು, ಮುಂದಿನ ಹಲ್ಲಿನ ತುದಿ ಮುರಿದುಕೊಂಡ. ಅತ್ತೆ ಮಾತ್ರ ಪಾತ್ರೆ ತುಂಬ ಕುದಿಯುವ ಸಾರು ಹಿಡಿದರೂ ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಾ ಇಳಿದು ಬರುವಳು. ನನ್ನ ಒದ್ದೆ ಲಂಗ ಹಿಂಡುತ್ತಾ ಒಮ್ಮೆ ಹೇಳಿದ್ದಳು: "ಕಣ್ಣು ಚೊಂಬಿನ ಮ್ಯಾಲಿರ್ಲಿ ಕಣವ್ವ. ದಾರಿ ಕಾಲಿಗೆ ಗೊತ್ತೈತೆ."

ಅಪ್ಪ ಹೋದ, ಅಮ್ಮ ಹೋದಳು. ತೋಟ ಸೈಟುಗಳಾಯಿತು, ಸೈಟುಗಳು ನಾಲ್ಕಂತಸ್ತಿನ ಮನೆಗಳಾದವು. ಹಿಂದಿನ ಗಲ್ಲಿಗೆ ಟಾರು ಬಂತು, ಟಾರಿನ ಮೇಲೆ ಟಾರು ಬಂತು, ಪ್ರತಿ ಸಲವೂ ಹಳೆಯದನ್ನು ಕೀಳದೆ ಅದರ ಮೇಲೇ ಹಾಕಿ ಹೋದರು. ರಸ್ತೆ ಏರುತ್ತಾ ನಮ್ಮ ಮನೆ ಕುಸಿಯದೆಯೇ ಕೆಳಕ್ಕೆ ಹೋಯಿತು. ನಾನು ಮದುವೆಯಾಗಿ ಯಲಹಂಕದಲ್ಲಿದ್ದೆ. ಮನೆಯಲ್ಲಿ ನಾಗ, ಅವನ ಹೆಂಡತಿ ಸುಧಾ ಮತ್ತು ಅತ್ತೆ. ಈ ನಡುವೆ ಸಕ್ಕರೆ ಕಾಯಿಲೆ ಅತ್ತೆಯ ಎರಡೂ ಕಣ್ಣನ್ನು ತಿಂದಿತ್ತು. ಎಷ್ಟು ತಿಂದಿದೆ ಎಂಬುದು ನಮಗೆ ಬಹಳ ದಿನ ಗೊತ್ತೇ ಆಗಲಿಲ್ಲ ಎಂದರೆ ನೀವು ನಂಬಬೇಕು. ಅವಳು ಬೆಳಗ್ಗೆ ತಾನೇ ಎದ್ದು, ತಾನೇ ಬಚ್ಚಲಿಗೆ ಹೋಗಿ, ತಾನೇ ಕಾಫಿ ಬಿಸಿ ಮಾಡಿಕೊಂಡು, ಹೊಸ್ತಿಲ ಮೇಲೆ ಬಂದು ಕೂರುವಳು. ಹೆಬ್ಬೆರಳಿಗೆ ಒಂದು ತೂತು ಸಿಕ್ಕಿದರೆ ಅಡುಗೆಮನೆ, ಎರಡು ಸಿಕ್ಕಿದರೆ ತನ್ನ ರೂಮು. ಯಾರ ಕೈಯನ್ನೂ ಹಿಡಿಯದೆ ತನ್ನ ಮನೆಯಲ್ಲಿ ತಾನು ಓಡಾಡುವುದು, ಅವಳಿಗೆ ಉಳಿದಿದ್ದುದು ಅದೊಂದೇ.

ಕಳೆದ ಮಳೆಗಾಲದಲ್ಲಿ ಗಲ್ಲಿಯ ನೀರು ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗಿತು. ಓದುವ ರೂಮಿನಲ್ಲಿ ಮೊಣಕಾಲುದ್ದ ನಿಂತು, ಮೆಟ್ಟಿಲು ಹತ್ತಿ ಅತ್ತೆಯ ರೂಮಿಗೂ ಬಂತು. ಟ್ರಂಕಿನೊಳಗಿದ್ದ ಅವಳ ಮದುವೆಯ ಸೀರೆ ನೆನೆದು ಬಣ್ಣ ಬಿಟ್ಟಿತು. ನಾಗ ಅಂದೇ ನಿರ್ಧಾರ ಮಾಡಿದ: ನಡುಮನೆಯ ಮಣ್ಣಿನ ಗೋಡೆ ತೆಗೆದು ಇಟ್ಟಿಗೆಯದು ಕಟ್ಟುವುದು, ಹಿಂದಿನ ರೂಮುಗಳ ಗೋಡೆ ಉಳಿಸಿಕೊಂಡು ಸೂರು ಎತ್ತರಿಸುವುದು, ನೆಲಕ್ಕೆಲ್ಲ ಮಣ್ಣು ತುಂಬಿ ರಸ್ತೆಗಿಂತ ಮೇಲಕ್ಕೆ ತಂದು ಸಮ ಮಾಡುವುದು, ಮೇಲೊಂದು ಮಹಡಿ ಏರಿಸುವುದು. ನನ್ನ ತಮ್ಮ ಕೆಟ್ಟವನಲ್ಲ. ಅತ್ತೆ ಎಡವಬಾರದು ಅಂತಾನೇ ಒಂದೂ ಮೆಟ್ಟಿಲಿಲ್ಲದ ಹಾಗೆ ಮಾಡಿಸುತ್ತಿದ್ದೇನೆ ಎಂದು ಅವಳ ಪಕ್ಕದಲ್ಲೇ ಕೂತು, ಪ್ಲಾನನ್ನು ಬೆರಳಲ್ಲಿ ಅವಳ ಅಂಗೈ ಮೇಲೆ ಗೀರಿ ತೋರಿಸಿದ. ಅತ್ತೆ ಪೂರ್ತಿ ಕೇಳಿಸಿಕೊಂಡಳು.

"ಎಡವೋದು ಕಣ್ಣಿರೋರು ಕಣಪ್ಪ," ಎಂದಳು. "ನಾನ್ಯಾವತ್ತು ಎಡವ್ದೆ?"

ನಾಗ ಅವಳ ಅಂಗೈಯನ್ನು ಮೆಲ್ಲನೆ ಮಡಿಸಿದ. ಆದರೆ ನೀರು ಮತ್ತೆ ಬರುವುದಂತೂ ಖಂಡಿತವಿತ್ತು. ಕೆಲಸ ಮುಗಿಯುವವರೆಗೆ ನಾಗನೂ ಸುಧಾಳೂ ಬಾಡಿಗೆ ಮನೆ ಹಿಡಿದರು, ಅತ್ತೆಯನ್ನು ನಾನು ಯಲಹಂಕದ ನನ್ನ ಫ್ಲ್ಯಾಟಿಗೆ ಕರೆದುಕೊಂಡು ಬಂದೆ. ಕೊಡಿಗೇಹಳ್ಳಿಯಲ್ಲಿ ಅತ್ತೆ ಕುರುಡಿಯಾಗಿರಲಿಲ್ಲ. ನನ್ನ ಮನೆಗೆ ಬಂದು ಕುರುಡಿಯಾದಳು. ಈ ಗೋಡೆಯಿಂದ ಆ ಗೋಡೆಯವರೆಗೆ ನುಣ್ಣನೆ ಟೈಲ್ಸು. ಎಲ್ಲಿ ಅಡುಗೆಮನೆ ಮುಗಿದು ಎಲ್ಲಿ ಹಾಲ್ ಶುರುವಾಯಿತೆಂದು ಅವಳ ಪಾದಕ್ಕೆ ಯಾರೂ ಹೇಳುತ್ತಿರಲಿಲ್ಲ. ಎರಡು ಸಲ ಊಟದ ಮೇಜಿಗೆ ಸೊಂಟ ಬಡಿಸಿಕೊಂಡಳು. ಆಮೇಲೆ ಕುರ್ಚಿ ಬಿಟ್ಟು ಏಳುವುದನ್ನೇ ನಿಲ್ಲಿಸಿದಳು. ನಾನು ಇಟ್ಟ ನೀರಿನ ಲೋಟ ಸಂಜೆಯವರೆಗೂ ಅರ್ಧಕ್ಕರ್ಧ ಹಾಗೇ ಇರುತ್ತಿತ್ತು. ಸಕ್ಕರೆ ಇರುವವರಿಗೆ ಬಾಯಾರಿಕೆ ಜಾಸ್ತಿ ಅಲ್ಲವೇ ಎಂದು ನನಗೆ ಆಶ್ಚರ್ಯ. ಕೇಳಿದರೆ ಸೇರುತ್ತಿಲ್ಲ ಎನ್ನುವಳು. ತಿಂಗಳಾದ ಮೇಲೆ ಒಂದು ದಿನ ನನ್ನ ಮಂದಬುದ್ಧಿಗೆ ಹೊಳೆಯಿತು. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕು, ಬಚ್ಚಲಿಗೆ ಹೋಗಬೇಕೆಂದರೆ ನನ್ನ ಕೈ ಕೇಳಬೇಕು. ಅವಳು ಬಾಯಾರಿಕೊಂಡು ಕೂತಿದ್ದಳು. ಆ ದಿನ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಾನು ಅತ್ತುಬಿಟ್ಟೆ.

ಮಾರನೇ ದಿನ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಕೊಡಿಗೇಹಳ್ಳಿಗೆ ಹೋದೆ. ಏನು ಮಾಡಲು ಹೋದೆ ಎಂದು ಕೇಳಬೇಡಿ, ನನಗೂ ಗೊತ್ತಿರಲಿಲ್ಲ. ಗೋಡೆಗಳು ಎದ್ದಿದ್ದವು, ನೆಲಕ್ಕೆ ಮಣ್ಣು ತುಂಬಿ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿದ್ದರು. ಅತ್ತೆ ಚಪ್ಪಲಿ ಬಿಟ್ಟು ಅದರ ಮೇಲೆ ನಾಲ್ಕು ಹೆಜ್ಜೆ ಇಟ್ಟು, ನಿಂತು, ಇದು ಯಾರ ಮನೆ ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ನಾಗ ಮುಖ ಆಚೆ ತಿರುಗಿಸಿದ. ಅವಳನ್ನು ಕೂರಿಸೋಣವೆಂದರೆ ಕುರ್ಚಿ ಇರಲಿಲ್ಲ, ಟ್ರ್ಯಾಕ್ಟರಿಗೆ ತುಂಬಲು ಹೊರಗೆ ರಾಶಿ ಹಾಕಿದ್ದ ಕಲ್ಲುಗಳ ಮೇಲೆ ಕೂರಿಸಿದೆ. ಕೂತವಳ ಕೈ ಸುಮ್ಮನಿರಲಿಲ್ಲ, ಪಕ್ಕದ ಕಲ್ಲನ್ನು ಸವರಿತು. ಒಂದೊಂದಾಗಿ ನಮ್ಮ ಮೆಟ್ಟಿಲಿನ ಮೂರೂ ಕಲ್ಲನ್ನು ಸವರಿ ಗುರುತು ಹಿಡಿದಳು.

"ಇದು ಇಂದ್ಲ ರೂಮಿಂದು," ಎಂದಳು, ಚಕ್ಕೆ ಎದ್ದ ಮೂಲೆಯ ಮೇಲೆ ಬೆರಳಿಟ್ಟು. "ನಾಗ ಅಲ್ಲು ಮುರ್ಕಂಡಿದ್ದು ಇದ್ರ ಮ್ಯಾಲೇನೆ."

ನನ್ನ ತಮ್ಮ, ಮೊಮ್ಮಗಳಿರುವ ಗಂಡಸು, ನಾಲಿಗೆಯಿಂದ ಆ ಮುರಿದ ಹಲ್ಲನ್ನು ಮುಟ್ಟಿ ನೋಡಿಕೊಂಡ. ನಾನು ಕಣ್ಣಾರೆ ಕಂಡೆ. ಮೇಸ್ತ್ರಿ ಭೀಮಣ್ಣ ಯಾದಗಿರಿ ಕಡೆಯವನು, ಮಾತು ಕಡಿಮೆ. ಬಂದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಗೇಣು ಹಾಕಿ ಅಳೆದ.

"ಅಣ್ಣಾರ, ಅವ್ವಾರ ಕಾಲಿಗೆ ಗುರ್ತು ಬೇಕ್ರಿ," ಎಂದ. "ಬಾಗಿಲದಾಗ ಟೈಲ್ಸಿನ ಸಮಕ್ಕ ಈ ಕಲ್ಲು ಕೂಡಸ್ತೀನಿ. ಮ್ಯಾಲ ಏಳಂಗಿಲ್ಲ. ಆದ್ರ ಕಾಲಿಗೆ ತಿಳೀತೈತಿ."

ಹೊಸ ಟೈಲ್ಸಿನ ಮಧ್ಯೆ ಹಳೇ ಕಲ್ಲು ತೇಪೆ ಹಾಕಿದ ಹಾಗೆ ಕಾಣುವುದಿಲ್ಲವೇ ಎಂದು ಎಂಜಿನಿಯರು ರಾಗ ಎಳೆದ. ಕಾಣಲಿ ಬಿಡಿ ಎಂದ ನಾಗ. ನೆಲದ ತೂತಿನಲ್ಲಿ ಕಸ ಕೂರುತ್ತದೆ ಎಂದೂ ಎಂಜಿನಿಯರು ಹೇಳಿದ. ಅದನ್ನು ಕಡ್ಡಿಯಲ್ಲಿ ಕೆದಕಿ ತೆಗೆಯುವುದು ನಮ್ಮ ಮನೆಯವರಿಗೆ ಬರುತ್ತದೆ ಎಂದು ನಾನೇ ಹೇಳಿದೆ. ಭೀಮಣ್ಣ ಕಲ್ಲಿನ ಮೈ ಉಜ್ಜಲಿಲ್ಲ, ಪಾಲಿಷು ಮಾಡಲಿಲ್ಲ. ಹೇಗಿತ್ತೋ ಹಾಗೇ, ತೂತು ಯಾವ ಕಡೆಗಿತ್ತೋ ಅದೇ ಕಡೆಗೆ, ಅತ್ತೆಯನ್ನೇ ಕೇಳಿ ಕೇಳಿ ಕೂರಿಸಿದ.

ಗೃಹಪ್ರವೇಶ ಮುಗಿದು, ನೆಂಟರು ಹೊರಟು, ಮನೆ ಹೋಳಿಗೆ ಮತ್ತು ಹೊಸ ಬಣ್ಣದ ವಾಸನೆಯಲ್ಲಿ ಮುಳುಗಿದ್ದ ಮಧ್ಯಾಹ್ನ ಅದು. ನಾನು ಅತ್ತೆಯ ರೂಮಿನಲ್ಲಿ ಅವಳ ಬಟ್ಟೆ ಜೋಡಿಸುತ್ತಿದ್ದೆ. ಬಾಗಿಲಿಗೆ ಒಳಗಡೆ ಅದೇ ಹಳೆಯ ಚಿಲಕ ಇತ್ತು. ತಲೆ ಎತ್ತಿ ನೋಡಿದರೆ ನಡುಮನೆಯಲ್ಲಿದ್ದ ಅತ್ತೆ ಎದ್ದು ಅಡುಗೆಮನೆಯ ಕಡೆಗೆ ಹೊರಟಿದ್ದಳು. ಗೋಡೆಯನ್ನೂ ಹಿಡಿದಿರಲಿಲ್ಲ. ಬಾಗಿಲಿನಲ್ಲಿ ಹೆಬ್ಬೆರಳು ಒಂದು ತೂತನ್ನು ಹುಡುಕಿತು, ಸಿಕ್ಕಿತು. ಒಳಗೆ ನಲ್ಲಿಯ ಸದ್ದು. ಚೊಂಬನ್ನು ಕಂಠದವರೆಗೆ ತುಂಬಿಕೊಂಡು ಹೊರಟಳು. ಸುಧಾ ಹಿಡಿದುಕೊಳ್ಳಲು ಓಡಿ ಬಂದವಳನ್ನು ನಾನು ಕೈಸನ್ನೆಯಲ್ಲೇ ತಡೆದೆ. ಎರಡು ತೂತಿನ ಕಲ್ಲಿನ ಮೇಲೆ ಅತ್ತೆಯ ಪಾದ ಬಂದು ನಿಂತಿತು. ಅಲ್ಲಿ ಇಳಿಯಲು ಏನೂ ಇರಲಿಲ್ಲ. ಆದರೂ ಅವಳ ಮಂಡಿ ಮೆಲ್ಲನೆ ಬಾಗಿತು, ಸೊಂಟ ತಗ್ಗಿತು, ಐವತ್ತು ವರ್ಷ ಇಳಿದ ಹಾಗೇ ಇಳಿದು ತನ್ನ ರೂಮಿಗೆ ಬಂದಳು. ನೆಲದ ಮೇಲೆ ಒಂದು ತೊಟ್ಟು ಬಿದ್ದಿರಲಿಲ್ಲ.

ಮಂಚದ ಮೇಲೆ ಕೂತು ಚೊಂಬೆತ್ತಿದಳು. ಉಸಿರು ಬಿಡದೆ ಕುಡಿದಳು. ಗಂಟಲು ಏರಿ ಇಳಿಯುವುದನ್ನು ನೋಡುತ್ತಾ ನಾನು ಮಡಿಸಿದ ಸೀರೆ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ತಳದ ಹನಿಯನ್ನೂ ಮುಗಿಸಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ನಾನಿದ್ದ ಕಡೆಗೆ ಮುಖ ತಿರುಗಿಸಿದಳು.

"ಬೋ ಬಾಯಾರಿತ್ತು ಕಣವ್ವ," ಎಂದಳು.

ಖಾಲಿ ಚೊಂಬು ಇಸಿದುಕೊಂಡು ಮತ್ತೆ ತುಂಬಿ ತರಲು ಹೊರಟೆ. ಕಲ್ಲು ಕಾಲಿಗೆ ತಾಕುತ್ತಲೇ, ಇಲ್ಲದ ಮೆಟ್ಟಿಲು ಹತ್ತಲು ನನ್ನ ಪಾದ ತಾನಾಗಿ ಮೇಲೆದ್ದಿತು.